ನೀಲಿ ಲಡಿಯ ಕೆಳಗಿನ ತಂತಿ

ಮಾಘದ ಚಳಿ ಬಿಡುತ್ತಿದ್ದ ಕಾಲ. ಬಿಸಿಲು ಆಗಷ್ಟೇ ಮಾಳಿಗೆಗೆ ಏರಿತ್ತು. ಹಗ್ಗದ ಮೇಲೆ ಹರವಿದ ನೂಲಿನ ಲಡಿಗಳಿಂದ ನೀಲಿ ಹನಿಗಳು ಒಂದೊಂದಾಗಿ ಬೀಳುತ್ತಿದ್ದವು. ನಮ್ಮದು ಬಣ್ಣ ಅದ್ದುವವರ ಓಣಿ. ನೀಲಿಯ ಹಂಡೆ ಓಣಿಗೆಲ್ಲ ಒಂದೇ, ಅದ್ದುವುದು ಪಾಳಿಯಂತೆ.

ಇಂಟರ್ನೆಟ್ಟನ್ನೂ ಹಾಗೆಯೇ ತಂದುಕೊಂಡಿದ್ದೆವು. ಮನೆಗೊಂದು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ನನ್ನ ಹೆಸರಿನಲ್ಲಿ ಒಂದು ಹಾಕಿಸಿ, ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು, ಪಾಳಿಯಂತೆ ಬಳಸುತ್ತಿದ್ದೆವು. ಕಂಪನಿಗೆ ಅದು ಸೇರಲಿಲ್ಲ. ಮುಂದಕ್ಕೆ ಎಳೆದ ತಂತಿ ಕತ್ತರಿಸಲು ಅವರ ಏಜೆಂಟ್ ಫಕೀರೇಶ ಆ ದಿನ ನಮ್ಮ ಮಾಳಿಗೆ ಹತ್ತಿದ.

ಅವತ್ತಿನ ಪಾಳಿ ಕೊನೆಯ ಮನೆಯ ಸಾವಂತ್ರಿಯದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ನರ್ಸಿಂಗ್ ಸೇರುವ ಆನ್‌ಲೈನ್ ಪರೀಕ್ಷೆಗೆ ಆ ಹೊತ್ತಿನಲ್ಲೇ ಅದೇ ತಂತಿಯನ್ನು ನಂಬಿ ಕೂತಿದ್ದಳು. ಅದು ಕಡಿದರೆ ಅವಳ ವರ್ಷವೇ ಹೋಗುತ್ತಿತ್ತು.

"ಆಯಿ, ತಂತಿ ಎಲ್ಲೈತಿ ತೋರಸ್ರಿ. ಒಂದು ಕನೆಕ್ಷನ್ನು ಒಂದ ಮನಿಗೆ," ಎಂದ ಫಕೀರೇಶ.

"ಓಣೀನ ನಮ್ಮ ಮನಿ, ತಮ್ಮಾ."

"ಈ ವಯಸ್ನ್ಯಾಗ ನಿಮಗ್ಯಾಕ್ರಿ ಇಂಟರ್ನೆಟ್ಟು?"

"ನಿನ್ನಂಥವರ ಮಾರಿ ನೋಡಾಕ."

ಮಾಳಿಗೆ ತುಂಬ ಹಗ್ಗ, ಹಗ್ಗದ ತುಂಬ ಒದ್ದೆ ಲಡಿ. ಅವನು ಲಡಿಗಳ ಕೆಳಗೆ ಕೈಯಾಡಿಸಿ, ಸಿಕ್ಕಿದ್ದನ್ನು ಕತ್ತರಿಸಿದ. ಅದು ಬರೀ ಹಗ್ಗ. ನೂಲೆಲ್ಲ ಓಣಿಯ ಮಣ್ಣಿಗೆ ಬಿತ್ತು.

ಒದ್ದೆ ನೂಲು ಬೀಳಿಸಿದವರು ತಾವೇ ತೊಳೆದು, ಮತ್ತೆ ಅದ್ದಿ, ಹರವಿಯೇ ಹೋಗಬೇಕು. ಅದು ನಮ್ಮ ಕಟ್ಟಳೆ. ಹೆಂಗಸರು ಓಣಿಯ ಬಾಯಿಗೆ ಅಡ್ಡ ಕೂತುಬಿಟ್ಟರು.

"ನಾ ಈ ಓಣಿಯವ ಅಲ್ರಿ," ಎಂದ.

"ನೂಲು ಈ ಓಣೀದ. ಹಂಡೆ ಕೆಳಗೈತಿ, ಇಳಿ."

ಇಳಿದ. ಹಂಡೆಯಿಂದ ಹಸಿರಾಗಿ ಎದ್ದ ನೂಲು ಗಾಳಿಗೆ ನೀಲಿಯಾಗುವುದನ್ನು ಮೊದಲ ಸಲ ಕಂಡವನಂತೆ ನೋಡಿದ. ಮತ್ತೆ ಮಾಳಿಗೆಗೆ ಬಂದು ಕೊನೆಯ ಲಡಿ ಹರವುವಾಗ, ಬೇರೊಂದು ಹಗ್ಗಕ್ಕೆ ಸುತ್ತಿದ್ದ ತಂತಿ ಅವನ ಕೈಗೆ ತಾಗಿತು. ನನ್ನ ಮುಖ ನೋಡಿ, ಕತ್ತರಿಸದೆ ಕೈ ಬಿಟ್ಟ. ಅಷ್ಟರಲ್ಲಿ ಸಾವಂತ್ರಿ ಪರೀಕ್ಷೆ ಮುಗಿಸಿ ತನ್ನ ಮನೆಯ ಬಾಗಿಲಿಗೆ ಬಂದಿದ್ದಳು.

"ನಾಳಿಗೆ ಮತ್ತ ಬರ್ತೇನ್ರಿ ಆಯಿ. ನೌಕರಿ ಐತಿ."

"ಬಾರಪ್ಪಾ. ನಾಳೆ ಕೆಂಪು ಅದ್ದತೀವಿ."

ಮೊಣಕೈವರೆಗೆ ನೀಲಿಯಾದ ಕೈ ಹೊತ್ತು ಹೋದವನು ಮರುದಿನ ಬರಲಿಲ್ಲ. ಕಂಪನಿಯಿಂದ ಬೇರೆಯವರು ಬಂದರು, ಅವರೂ ನೂಲು ಬೀಳಿಸಿ, ಅದ್ದಿ ಹೋದರು. ತಂತಿ ಇಂದಿಗೂ ಇದೆ.

ಪರೀಕ್ಷೆ ಪಾಸಾಗಿ ಸಾವಂತ್ರಿ ನರ್ಸಿಂಗ್ ಕಲಿಯಲು ಹೊರಟದ್ದು ಯುಗಾದಿ ಕಳೆದ ಮೇಲಿನ ಗುರುವಾರ. ಓಣಿ ದಾಟುವಾಗ ಮೇಲಿನ ಲಡಿಯಿಂದ ಒಂದು ನೀಲಿ ಹನಿ ಅವಳ ಹೆಗಲಿಗೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.