ಕೊನೆಯ ಹಾಡಿನ ಉಸಿರು

ಬೆಲ್ ಒತ್ತುವುದಕ್ಕೆ ಮುಂಚೆ ಅವನಿಗೊಂದು ಆಲ್ಬಮ್ ಬೇಕಿತ್ತು.

ಹಲ್ಲಿನ ಡಾಕ್ಟರ ಮನೆಯ ಬಾಗಿಲಾಚೆ ನಗು ಆಗಲೇ ಶುರುವಾಗಿತ್ತು. ಅವನು ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ನಿಂತು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದ. ಈ ವರ್ಷ ಬಂದ ಹಾಡಿನ ಆಲ್ಬಮ್‌ಗಳ ಮುಖಪುಟಗಳು ಒಂದರ ಹಿಂದೊಂದು ಸರಿದವು. ಗಡ್ಡ, ಸಮುದ್ರ, ಬೆಕ್ಕು, ಮತ್ತೆ ಗಡ್ಡ. ಒಂದರಲ್ಲಿ ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಳು. ‘ಒದ್ದೆ ಪಾದ’ ಎಂದು ಹೆಸರು. ಮೊದಲ ಹಾಡು ಹಾಕಿ ಫೋನನ್ನು ಕಿವಿಗೆ ಹಿಡಿದ. ಅದು ಅರ್ಧವೂ ಆಗಿರಲಿಲ್ಲ, ಬಾಗಿಲು ತೆರೆಯಿತು.

“ಅಲ್ಲಯ್ಯಾ, ಇಲ್ಲಿ ನಿಂತ್ಕೊಂಡು ಏನು ತಪಸ್ಸು ಮಾಡ್ತಿದ್ದೀಯಾ?” ಕಸದ ಚೀಲ ಹೊರಗಿಡಲು ಬಂದ ಡಾಕ್ಟರ್ ಒಳಗೆ ತಿರುಗಿ ಕೂಗಿದ. “ಕಿವಿ ಬಂತು ಕಣ್ರೋ!”

ಕಿವಿ ಎಂದರೆ ಅವನೇ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಅವನಿಗೆ ಗೆಳೆಯರು ಈ ಹೆಸರಿಟ್ಟು ಕಾಲವಾಗಿತ್ತು. ವರ್ಷದ ಕೊನೆಯ ಭಾನುವಾರ ಅವರೆಲ್ಲ ಇಲ್ಲಿ ಸೇರುತ್ತಿದ್ದರು. ತಲೆಗೊಂದು ಆಲ್ಬಮ್ ತಂದು, ಕೇಳಿಸಿ, ಕಿತ್ತಾಡಿ, ಒಂದನ್ನು ವರ್ಷದ ಆಲ್ಬಮ್ ಎಂದು ಒಪ್ಪಿಕೊಂಡ ಮೇಲೆಯೇ ಊಟಕ್ಕೇಳುವುದು. ಒಮ್ಮತ ಬಾರದೆ ಊಟ ಆರಿ ತಣ್ಣಗಾದದ್ದೂ ಉಂಟು. ಜಗಳ ಬಗೆಹರಿಯದಾಗ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನು ಹೂಂ ಎಂದರೆ ಹೂಂ.

ಅಂಥವನಿಗೆ ಈ ವರ್ಷ ಒಂದು ಹಾಡೂ ಮನಸ್ಸಿಗೆ ಇಳಿದಿರಲಿಲ್ಲ.

ಕಾರಣವೇನೂ ಇರಲಿಲ್ಲ. ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ, ಹರೆಯದಿಂದಲೂ ಜೀವ ಬಿಡುತ್ತಿದ್ದ ದನಿಯೊಂದನ್ನು ಹಾಕಿದ್ದ. ದನಿ ಬಂತು. ನಲ್ಲಿಯಲ್ಲಿ ನೀರು ಬಂದ ಹಾಗೆ ಬಂತು. ಅವನು ರೇಜರ್ ಹಿಡಿದು ಕಾದ. ಹಾಡು ಮುಗಿಯಿತು. ಆಮೇಲೆ ಏನು ಕೇಳಿದರೂ ಅದೇ ಕಥೆ. ಏರು, ಇಳಿವು, ತಾಳ, ಎಲ್ಲವೂ ತಿಳಿಯುತ್ತಿತ್ತು, ಯಾವುದೂ ತಾಗುತ್ತಿರಲಿಲ್ಲ. ಕಿವಿಯ ತಜ್ಞರೊಬ್ಬರನ್ನು ಕಂಡು ಬಂದ. ಅವರು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿಸಿ, ಕೊನೆಗೆ ಬೆನ್ನು ತಟ್ಟಿದರು. “ಬಂಗಾರದಂಥ ಕಿವಿ ರೀ ನಿಮ್ದು. ಹಾಯಾಗಿ ಮನೆಗೆ ಹೋಗಿ.” ಅವನು ಥ್ಯಾಂಕ್ಸ್ ಹೇಳಿ ಮನೆಗೆ ಹೋಗಿದ್ದ. ಹೆಂಡತಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನನ್ನು?

ಹಜಾರದಲ್ಲಿ ವಕೀಲೆ ಸೋಫಾದ ಮೇಲೆ ಕಾಲು ಮಡಚಿ ಕೂತು, ಎದುರು ಪಕ್ಷದವರನ್ನು ನೋಡುವಂತೆ ಎಲ್ಲರನ್ನೂ ನೋಡುತ್ತಿದ್ದಳು. ನೆಲದ ಮೇಲೆ ಪೈಲ್ವಾನ. ಬ್ಯಾಂಕಿನ ಗುಮಾಸ್ತ, ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕಾದ ಆಳು. ಅದಕ್ಕೇ ಆ ಹೆಸರು. ಡಾಕ್ಟರ ಹೆಂಡತಿ, ಇವರೆಲ್ಲರ ಅತ್ತಿಗೆ, ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದರು. ಅವರು ಯಾವ ವರ್ಷವೂ ಆಲ್ಬಮ್ ತಂದವರಲ್ಲ. “ನಾನು ಬರೀ ಕೇಳೋಳಪ್ಪ,” ಎನ್ನುತ್ತಿದ್ದರು. ಹಾಡು ಶುರುವಾದರೆ ಮಾತ್ರ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು.

ಡಾಕ್ಟರ್ ತಂದದ್ದು ಬರೀ ಡೋಲುಗಳ ಆಲ್ಬಮ್. “ಕ್ಲಿನಿಕ್ಕಲ್ಲಿ ಇದನ್ನೇ ಹಾಕೋದು. ಪೇಷಂಟ್‌ಗಳು ತಾವಾಗೇ ಬಾಯಿ ತೆಗೀತಾರೆ.”

“ಕಿರುಚೋಕೆ,” ಎಂದಳು ವಕೀಲೆ.

ಅವಳದು ಗಂಡನನ್ನು ಬಿಟ್ಟ ಗಾಯಕಿಯೊಬ್ಬಳ ಹಾಡುಗಳು. ಮೂರನೆಯ ಹಾಡಿಗೆ ಪೈಲ್ವಾನ ಕೈ ಎತ್ತಿದ. “ಮೇಡಂ, ಇದು ಆಲ್ಬಮ್ಮಾ, ಜೀವನಾಂಶದ ಅರ್ಜಿನಾ?”

“ಅರ್ಜಿ ಇಷ್ಟು ಚೆನ್ನಾಗಿ ಬರೆದಿದ್ರೆ ಜಡ್ಜೇ ಎದ್ದು ಅವಳನ್ನ ಮದುವೆ ಆಗ್ತಿದ್ರು. ಸುಮ್ನೆ ಕೇಳು.”

ಪೈಲ್ವಾನನ ಸರದಿ ಬಂದಾಗ ನಗು ತಡೆಯಲಾಗಲಿಲ್ಲ. ಮುಪ್ಪಿನಲ್ಲಿ ಮೊದಲ ಬಾರಿ ಮೈಕಿನ ಮುಂದೆ ನಿಂತ ಅಜ್ಜನೊಬ್ಬನ ಹಾಡುಗಾರಿಕೆ ಅದು. “ಶ್ರುತಿ ಆ ಕಡೆ ಹೊರಟ್ರೆ ನಿಮ್ಮಜ್ಜ ಈ ಕಡೆ ಹೊರಟಿದಾನಲ್ಲೋ!” ಎಂದ ಡಾಕ್ಟರ್.

“ಅದೇ ಕಣೋ ಮಜಾ! ಇಬ್ರೂ ದಾರೀಲಿ ಎಲ್ಲಾದ್ರೂ ಸಿಗ್ತಾರಾ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕಾಯ್ಬೇಕು. ತಾಳು, ಈಗ ಸಿಗ್ತಾರೆ… ಸಿಕ್ರು!” ಪೈಲ್ವಾನನ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಕಿವಿ ಎನಿಸಿಕೊಂಡವನೂ ನಕ್ಕ. ಎಲ್ಲರಿಗಿಂತ ಜೋರಾಗಿಯೇ ನಕ್ಕ. ಹಸಿವೇ ಇಲ್ಲದವನು ಪಂಕ್ತಿಯಲ್ಲಿ ಕೂತು ಉಣ್ಣುವವರ ಬಾಯಿ ನೋಡುವ ಹಾಗೆ ಅವರನ್ನೇ ನೋಡುತ್ತಿದ್ದ.

“ಈಗ ಕಿವಿ,” ಎಂದಳು ವಕೀಲೆ. ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ತುದಿಯಲ್ಲಿ ಕೂತರು.

ಅವನ ಬಳಿ ಇದ್ದದ್ದು ಒಂದು ಬೆನ್ನು ಮತ್ತು ಅರ್ಧ ಹಾಡು.

“ಒದ್ದೆ ಪಾದ,” ಎಂದ. ತನ್ನ ದನಿ ತನಗೇ ಚೆನ್ನಾಗಿ ಕೇಳಿಸಿತು. “ಇದ್ರಲ್ಲಿ ಉಳಿದ ಹಾಡೆಲ್ಲ ಕೊನೇ ಹಾಡಿಗೆ ದಾರಿ ಅಷ್ಟೇ. ಕೊನೇ ಸಾಲಿಗೆ ಮುಂಚೆ ಅವಳು ಒಂದು ಉಸಿರು ಎಳ್ಕೋತಾಳೆ. ಹಾಡೋರು ಎಳ್ಕೊಳೋ ಉಸಿರಲ್ಲ. ಹೇಳ್ಬೇಕಾ, ಬೇಡ್ವಾ ಅಂತ ಬಾಗಿಲಲ್ಲಿ ನಿಂತೋರು ಎಳ್ಕೋತಾರಲ್ಲ, ಆ ಉಸಿರು. ಇಡೀ ವರ್ಷದಲ್ಲಿ ನಾನು ಕೇಳಿದ್ದು ಅದೊಂದೇ.”

ಪೈಲ್ವಾನ ನಿಧಾನಕ್ಕೆ, “ನಮ್ಮಜ್ಜನ್ನ ವಾಪಸ್ ತಗೊಂಡೆ,” ಎಂದ. ಎಷ್ಟೋ ತಿಂಗಳ ಮೇಲೆ ಸಂತೋಷವೆಂಬುದು ಕಥೆ ಕಟ್ಟಿದವನ ಹತ್ತಿರ ಬಂದಿತ್ತು. ಅದೂ ಇಲ್ಲದ ಉಸಿರೊಂದರ ಮೇಲೆ ಹತ್ತಿಕೊಂಡು.

“ಮಾತು ಸಾಕು, ಹಾಕು ಆ ಕೊನೇ ಹಾಡು,” ಎಂದು ಡಾಕ್ಟರ್ ಅವನ ಕೈಯಿಂದ ಫೋನು ಕಸಿದುಕೊಂಡ.

ಹಾಡು ಶುರುವಾಯಿತು. ಅವನು ಎಲ್ಲರ ಜೊತೆಗೆ, ಎಲ್ಲರಷ್ಟೇ ಹೊಸಬನಾಗಿ ಕೇಳಿದ. ಹೆಂಗಸು ಹಾಡಿದಳು. ತಂತಿವಾದ್ಯವೊಂದು ಹಿಂದೆಯೇ ನಡೆದು ಬಂತು. ಕೊನೆ ಹತ್ತಿರವಾದಂತೆ ಅವನು ಫೋನಿನ ಮೇಲೆಯೇ ಕಣ್ಣು ನೆಟ್ಟ. ಕೊನೆಯ ಸಾಲು ಅದರ ಹಿಂದಿನ ಸಾಲಿಗೆ ಅಂಟಿಕೊಂಡೇ ಬಂತು, ನಡುವೆ ಕೂದಲು ತೂರುವಷ್ಟೂ ಜಾಗವಿರಲಿಲ್ಲ.

“ಕೇಳಿಸ್ತು!” ಎಂದು ವಕೀಲೆ ಸೋಫಾ ಗುದ್ದಿದಳು.

“ಅದಲ್ಲ ಕಣೇ, ಅದಕ್ಕಿಂತ ಸ್ವಲ್ಪ ಮುಂಚೆ. ನನ್ನ ಮೈ ಜುಂ ಅಂತು,” ಎಂದ ಪೈಲ್ವಾನ.

“ಇಬ್ಬರಿಗೂ ಕಿವುಡು. ಹಾಡು ಮುಗಿದ ಮೇಲೆ ಬಂತು,” ಎಂದ ಡಾಕ್ಟರ್. ಮತ್ತೆ ಹಾಕಿದರು, ಮತ್ತೆ ಕಿತ್ತಾಡಿದರು. ದಿಂಬೊಂದು ಹಾರಿತು. ಇಂಥ ಒಳ್ಳೆಯ ಜಗಳ ಯಾವ ವರ್ಷವೂ ಆಗಿರಲಿಲ್ಲ. ಕೊನೆಗೆ ಎಲ್ಲರೂ ಅವನ ಕಡೆ ತಿರುಗಿದರು. “ನೀನೇ ಹೇಳೋ, ಯಾವುದು?”

“ಮೂರೂ,” ಎಂದ ಅವನು. ಚಪ್ಪಾಳೆ ಬಿತ್ತು. ‘ಒದ್ದೆ ಪಾದ’ ವರ್ಷದ ಆಲ್ಬಮ್ ಆಯಿತು; ಊಟ ಬಿಸಿಯಾಗಿಯೇ ಇತ್ತು.

ಊಟವಾದ ಮೇಲೆ ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದ. ಅತ್ತಿಗೆ ನಲ್ಲಿ ತಿರುಗಿಸಿದರು, ನಿಲ್ಲಿಸಿದರು.

“ಮೇಷ್ಟ್ರೇ, ಒಂದು ಕೇಳ್ತೀನಿ, ನಗಬಾರ್ದು.”

“ಕೇಳಿ ಅತ್ತಿಗೆ.”

“ಆ ಉಸಿರು ನಂಗೆ ಕೇಳಿಸ್ಲೇ ಇಲ್ಲ.” ಅವರು ತಟ್ಟೆಯನ್ನೇ ನೋಡುತ್ತಿದ್ದರು. “ಅಷ್ಟು ಸಲ ಹಾಕಿದ್ರಲ್ಲ, ಒಂದ್ಸಲಾನೂ ಇಲ್ಲ. ನಮ್ಮಮ್ಮಂಗೆ ಈ ವಯಸ್ಸಿಗೇ ಕಿವಿ ಹೋಗೋಕೆ ಶುರುವಾಗಿದ್ದು. ಮೊದಲು ಸಣ್ಣ ಸಣ್ಣ ಸದ್ದು ಹೋಗತ್ತಂತೆ. ಇವ್ರಿಗೆ ಹೇಳೋಕೆ ಭಯ.”

ಒಂದೇ ವಾಕ್ಯ ಸಾಕಿತ್ತು. ಇಡೀ ಮನೆಯಲ್ಲಿ ಸರಿಯಾಗಿ ಕೇಳಿದವರು ನೀವೊಬ್ಬರೇ ಅತ್ತಿಗೆ. ಅದು ನಾಲಿಗೆಯ ತುದಿಗೂ ಬಂತು. ಹಜಾರದಿಂದ ಪೈಲ್ವಾನ, “ಕಿವಿ ಎಲ್ಲೋ? ಬಾರೋ ಇಲ್ಲಿ!” ಎಂದು ಕೂಗಿದ. ಆ ಕೂಗಿನಲ್ಲಿ ಎಷ್ಟೊಂದು ಪ್ರೀತಿಯಿತ್ತು.

“ತುಂಬಾ ಸಣ್ಣದು ಅದು,” ಎಂದ ಅವನು. “ಒಂದೇ ದಿನಕ್ಕೆ ಸಿಗಲ್ಲ. ಕೇಳ್ತಾ ಕೇಳ್ತಾ ಸಿಗತ್ತೆ.”

“ಹೌದಾ?” ಅತ್ತಿಗೆಯ ಮುಖ ಅರಳಿತು. “ಅಬ್ಬ, ಬದುಕಿಸಿದ್ರಿ. ಹಾಗಾದ್ರೆ ಸಿಗೋವರ್ಗೂ ಕೇಳ್ತೀನಿ ಬಿಡಿ.”

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಫೋನಿನ ಚಾರ್ಜ್ ಮುಗಿದು ಹೋಗಿತ್ತು. ಯಾರೂ ಮಾತಾಡಿಸದಿರಲೆಂದು ಅವನು ಜೇಬಿನಿಂದ ಇಯರ್‌ಫೋನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡ.

ಪಕ್ಕದಲ್ಲಿ ಕೂತದ್ದು ಮೊಣಕಾಲ ಮೇಲೆ ಚೀಲವಿಟ್ಟುಕೊಂಡ ಒಬ್ಬ ಹಿರಿಯರು, ಅಪರಿಚಿತರು. ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಆಮೇಲೆ ಸಂಕೋಚದಿಂದ ತಮ್ಮ ಕಿವಿ ಮುಟ್ಟಿಕೊಂಡು, ಹುಬ್ಬೇರಿಸಿ, ಏನು ಹಾಡು ಎಂದು ಸನ್ನೆಯಲ್ಲೇ ಕೇಳಿದರು.

ಏನೂ ಇಲ್ಲ ಎನ್ನಬಹುದಿತ್ತು. ಅವನು ಒಂದು ಕಿವಿಯದನ್ನು ಬಿಚ್ಚಿ ಅವರ ಕೈಗಿತ್ತ.

ಹಿರಿಯರು ಅದನ್ನು ಕಿವಿಗಿಟ್ಟುಕೊಂಡರು. ಹಣೆ ಸುಕ್ಕುಗಟ್ಟಿತು. ಬೆರಳಿನಿಂದ ಇನ್ನಷ್ಟು ಒಳಕ್ಕೆ ಒತ್ತಿ ಅವನ ಕಡೆ ನೋಡಿದರು, ಅವನು ನಸುನಕ್ಕ. ನಿಧಾನವಾಗಿ ಅವರ ಹಣೆ ಸಡಿಲವಾಯಿತು. ಕಣ್ಣು ಮುಚ್ಚಿದರು.

“ಚೆನ್ನಾಗಿದೆ,” ಎಂದರು. “ಹಳೇದಾ?”

“ಈ ವರ್ಷದ್ದು.”

ಅವನು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಏಳುವುದು ಹೇಗೆ, ನಡುವೆ ಇಯರ್‌ಫೋನಿನ ವೈರು ಇತ್ತು. ಬಸ್ಸು ಕುಲುಕಿದಾಗೆಲ್ಲ ಅದು ಬಿಗಿಯುತ್ತಿತ್ತು, ಸಡಿಲುತ್ತಿತ್ತು. ಹಿರಿಯರ ಬೆರಳು ಚೀಲದ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಅವನು ಆ ಬೆರಳನ್ನೇ ನೋಡುತ್ತ, ತಾಳ ತಪ್ಪಿಹೋಗದ ಹಾಗೆ, ತಲೆದೂಗಲು ಶುರು ಮಾಡಿದ.