ಹದಿನೆಂಟು ಎಳೆ

ಹಿತ್ತಲಲ್ಲಿ ಅಡ್ಡ ಕಟ್ಟಿದ್ದ ಸೀರೆಯನ್ನು ಸರಿಸಿಕೊಂಡು ನೆರೆಮನೆಯ ಅಂಬಮ್ಮ ಹೊರಗೆ ಬಂದಳು. ಶವಕ್ಕೆ ಸ್ನಾನ ಮಾಡಿಸುತ್ತಿದ್ದ ಕೈ ಇನ್ನೂ ಒದ್ದೆಯಿತ್ತು.

“ಅಣ್ಣಾ, ಅಕ್ಕನ ಬೆರಳ ತುದಿಗಿ ಕೆಂಪ ಹತ್ಯಾದ. ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಕುಂಕುಮನೂ ಅಲ್ಲ.”

“ಇರ್ಲಿ ಬಿಡವ್ವ,” ಎಂದ ನಾಗಣ್ಣ. “ಅದು ತಿಕ್ಕಿದ್ರ ಹೋಗೂ ಬಣ್ಣ ಅಲ್ಲ.”

ನಿನ್ನೆ ಎದೆ ಹಿಡಿದುಕೊಂಡು ಕುಳಿತ ಅವನ ಹೆಂಡತಿ ಶಿವಕಾಂತಮ್ಮ ಮತ್ತೆ ಏಳಲಿಲ್ಲ. ಅದಕ್ಕೆ ಗಳಿಗೆ ಮುಂಚೆ ಗಾಜಿನ ಪಟ್ಟಿಯ ಮೇಲೆ ಆ ಕೆಂಪು ಬಣ್ಣದ ಹನಿ ಬಿಟ್ಟವಳು ಅವಳೇ. ಗಾಜಿಪುರ ಓಣಿಯ ಅವರ ಎರಡು ಖೋಲಿಯ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಕಿಟಕಿಯ ಬಳಿ ಒಂದು ಸೂಕ್ಷ್ಮದರ್ಶಕವಿತ್ತು. ಓಣಿಯವರ ಬಾಯಲ್ಲಿ ಅದು ದುರ್ಬೀನು. ನಿಜಾಮ ಸರ್ಕಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಯೋಗ ಕಲಿಸುವ ನಾಗಣ್ಣನೇ ಅದರಲ್ಲಿ ನೋಡುತ್ತಾನೆಂದು ಎಲ್ಲರೂ ತಿಳಿದಿದ್ದರು.

ಬಾಗಿಲ ಮುಂದೆ ಲಾರಿ ನಿಂತಿತು. ಕಮಲಾಪುರದಿಂದ ಶಿವಕಾಂತಮ್ಮನ ತಮ್ಮ ದೌಲಪ್ಪ ಬಂದಿದ್ದ. ಅಕ್ಕನ ಮುಖ ನೋಡಿ, ಗೋಡೆಗೆ ಹಣೆ ಹಚ್ಚಿ ಅತ್ತ. ಆಮೇಲೆ ಅಕ್ಕನ ಗಂಡನ ಕಡೆ ತಿರುಗಿದ.

“ಮಣ್ಣು ನಮ್ಮ ಹೊಲದಾಗ ಆಗ್ಬೇಕ್ರಿ ಮಾವ. ಅವ್ವನ ಬಾಜೂಕ.”

“ಆಗ್ಲಿ.”

ವಾದ ಮಾಡಲೆಂದೇ ಬಂದಿದ್ದ ದೌಲಪ್ಪ ಲಾರಿಯ ಹಿಂಬಾಗಿಲು ಬಿಚ್ಚಲು ಹೋದ.

ಬಿದಿರು ಚಟ್ಟಕ್ಕೆ ಹೂ ಕಟ್ಟಿದ ವಿಮಾನದಲ್ಲಿ ಅವಳನ್ನು ಕೂಡಿಸಿ ಲಾರಿಗೆ ಏರಿಸಿದರು. ಕಾಲೇಜಿನ ಪ್ರಯೋಗಶಾಲೆ ನೋಡಿಕೊಳ್ಳುವ ವಹಾಬ್ ಸಾಹೇಬರೂ ಹತ್ತಿದರು. ಊರು ದಾಟಿದ ಮೇಲೆ ರಸ್ತೆ ಕುಲುಕತೊಡಗಿತು. ವಿಮಾನ ವಾಲದಂತೆ ಒಂದು ಕಡೆ ದೌಲಪ್ಪ, ಇನ್ನೊಂದು ಕಡೆ ನಾಗಣ್ಣ ಹಿಡಿದು ಕುಳಿತರು.

“ಇಡೀ ಊರಿಗಿ ಕೌದಿ ಹೊಲದು ಕೊಟ್ಟಾಕಿ ನಮ್ಮಕ್ಕ,” ಎಂದ ದೌಲಪ್ಪ, ಮುಖ ನೋಡದೆ. “ಹೋದ ದೀಪಾವಳಿಗಿ ಬಂದಾಗ ಸೂಜಿಗಿ ದಾರ ಏರಸಂತ ನನ್ನ ಹೆಂಡ್ತಿ ಕೈಯಾಗ ಕೊಟ್ಳು. ನಿಮ್ಮ ದುರ್ಬೀನ ಆಕಿ ಕಣ್ಣ ತಿಂತು.”

“ಹೌದು, ತಿಂತು.”

ದೌಲಪ್ಪ ಜಾರಿದ್ದ ಹೂವಿನ ಸರವನ್ನು ಸರಿಪಡಿಸಿದ. “ಅಂಥಾದ್ದೇನ್ ಕಾಣ್ತಿತ್ರಿ ಅದರಾಗ?”

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಕೇಳಿದವರು ಯಾರೂ ಇರಲಿಲ್ಲ. ನಾಗಣ್ಣ ಹೇಳತೊಡಗಿದ.

*

ಮುಂಬೈಯ ಗೆಳೆಯ ಸೂರ್ಯಕಾಂತ ಸಮುದ್ರದ ಹಸಿರು ಪಾಚಿಯನ್ನು ಕೆಡದಂತೆ ಮದ್ದಿನ ದ್ರವದಲ್ಲಿ ಅದ್ದಿ, ಬಾಟಲಿಗಳಲ್ಲಿ ಮುಚ್ಚಿ ರೈಲಿಗೆ ಹಾಕುತ್ತಿದ್ದ. ಎರಡು ಬಗೆಯ ಪಾಚಿ. ಒಂದು ಗಿಡದಂತೆ ಕವಲೊಡೆಯುತ್ತಿತ್ತು, ಇನ್ನೊಂದು ಕೂದಲಿನಂತೆ ನೀಳ. ಅವೆರಡೂ ಒಂದೇ ಮೂಲದಿಂದ ಬಂದ ಬಳಗವೋ ಅಲ್ಲವೋ ಎಂಬುದು ನಾಗಣ್ಣನ ತಲೆ ತಿನ್ನುತ್ತಿತ್ತು. ಜೀವಕೋಶ ಒಡೆದು ಎರಡಾಗುವ ಹೊತ್ತಿಗೆ ಅದರೊಳಗಿನ ವರ್ಣತಂತುಗಳು ಬಣ್ಣ ಹೀರಿ ಸಣ್ಣ ಎಳೆಗಳಾಗಿ ಕಾಣುತ್ತವೆ. ಅವನ್ನು ಎಣಿಸಬೇಕು. ಕವಲಿನದರಲ್ಲಿ ಇಪ್ಪತ್ನಾಲ್ಕು ಸಿಕ್ಕವು. ನೀಳದ್ದರಲ್ಲಿ ಇಪ್ಪತ್ತು ಎಂದು ಎಣಿಸಿ, ಎರಡಕ್ಕೂ ಹತ್ತಿರದ ಸಂಬಂಧವಿಲ್ಲವೆಂದು ನಾಗಣ್ಣ ಲೇಖನ ಬರೆದು ಮುಗಿಸಿದ.

ಅವನ ಕೈ ನಡುಗುತ್ತಿದ್ದುದರಿಂದ ಚಿತ್ರ ಬರೆಯುವ ಕೆಲಸ ಶಿವಕಾಂತಮ್ಮನದಾಗಿತ್ತು.

“ಇವು ಇಪ್ಪತ್ತಲ್ಲ್ರಿ, ಹದಿನೆಂಟು,” ಎಂದಳು ಒಂದು ದಿನ, ಕಣ್ಣು ತೆಗೆಯದೆ. “ಎರಡು ಎಳಿ ಮಡಚಿ ಕುಂತಾವ. ನೀವು ಅವನ್ನ ಎರಡೆರಡು ಸಲ ಎಣಿಸೀರಿ.”

“ಅದರಾಗಿಂದು ನಿನಗೇನ್ ತಿಳೀತದ?”

ವಾರವಿಡೀ ಮಧ್ಯಾಹ್ನದ ಬೆಳಕಿನಲ್ಲಿ ಕುಳಿತು ಒಂಬತ್ತು ಜೀವಕೋಶಗಳನ್ನು ಬರೆದಳು. ಒಂಬತ್ತು ಹಾಳೆಯಲ್ಲೂ ಹದಿನೆಂಟೇ. ಜೋಳದ ರೊಟ್ಟಿ ಬಡಿಸಿ, ಹಾಳೆಗಳನ್ನು ತಾಟಿನ ಪಕ್ಕಕ್ಕಿಟ್ಟಳು.

“ಆರು ಮೂರ್ಲೆ ಹದಿನೆಂಟು, ಆರು ನಾಕ್ಲೆ ಇಪ್ಪತ್ನಾಕು. ಇವೆರಡೂ ಒಂದೇ ಮನಿತನದವು ಇರ್ಬೇಕಲ್ರಿ? ಒಲಿ ಬ್ಯಾರೆ ಆಗ್ಯಾವ, ಅಷ್ಟೇ.”

ರೊಟ್ಟಿ ಆರಿತು. ನಾಗಣ್ಣ ಎದ್ದು ಹೋಗಿ ಲೇಖನವನ್ನು ಹರಿದು ಹಾಕಿ, ಮೊದಲಿನಿಂದ ಬರೆಯಲು ಕುಳಿತ.

ಅಚ್ಚಾಗಿ ಬಂದ ಪತ್ರಿಕೆಯನ್ನು ಅವಳು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು. ಇಂಗ್ಲಿಷು ಬಾರದು. ಪುಟ ತಿರುವುತ್ತ ಹೋಗಿ ತನ್ನ ಚಿತ್ರಗಳ ಹತ್ತಿರ ನಿಂತಳು. “ಛಲೋ ಬಂದಾವ,” ಎಂದಳು. ಮೊದಲ ಪುಟದಲ್ಲಿ ನಾಗಣ್ಣನ ಹೆಸರೊಂದೇ ಇತ್ತು. ಆ ಮಾತನ್ನು ಅವಳು ಎತ್ತಲಿಲ್ಲ. ಅವನಿಗೂ ಎತ್ತುವ ಧೈರ್ಯವಾಗಲಿಲ್ಲ. ಹಾಗೇ ಒಂಬತ್ತು ವರ್ಷ ಕಳೆದವು.

*

ಕಮಲಾಪುರದ ಹೊಲದಲ್ಲಿ, ಕೆಂಬಾಳೆಯ ತೋಟಕ್ಕೆ ಹೊಂದಿಕೊಂಡು, ಅವ್ವನ ಸಮಾಧಿಯ ಪಕ್ಕ ಗುಂಡಿ ತೋಡಿದ್ದರು. ಶಿವಕಾಂತಮ್ಮನನ್ನು ಒಳಗೆ ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆಗಳಿಂದ ಕೊರಳವರೆಗೆ ತುಂಬಿದರು.

“ಗಂಡನ ಸೇವಾ ಮಾಡಿ, ಆತನ ವಿದ್ಯಾಕ್ಕ ನೆರಳಾಗಿ ಇದ್ದಾಕಿ,” ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. “ಪುಣ್ಯವಂತಿ.”

“ನೆರಳಲ್ಲ್ರಿ ಅಯ್ಯನೋರ.” ನಾಗಣ್ಣ ಗುಂಡಿಯ ಅಂಚಿಗೆ ಬಂದ. ಎಲ್ಲರೂ ಅವನತ್ತ ತಿರುಗಿದರು. “ಯಾರಿಗೂ ತಿಳೀದಿದ್ದು ತಿಳಕೊಂಡಾಕಿ ಆಕಿ. ನಂದು ತಪ್ಪಿತ್ತು, ತಿದ್ದಿದಾಕಿ ಆಕಿ. ಪತ್ರಿಕಾದಾಗ ನಾ ನನ್ನ ಹೆಸರೊಂದೇ ಹಾಕೊಂಡೆ. ಮಣ್ಣು ಮುಚ್ಚೂಕಿಂತ ಮೊದ್ಲು ಇದು ನಿಮಗೆಲ್ಲ ಗೊತ್ತಾಗ್ಲಿ.”

ವಹಾಬ್ ಸಾಹೇಬರು ಹತ್ತಿರ ಬಂದು ಅವನ ಹೆಗಲು ಹಿಡಿದರು.

“ನನಗ ಮಾಲೂಮ್ ಇತ್ತು, ನಾಗಣ್ಣಾರ. ಆ ಚಿತ್ರ ನೋಡಿದ ದಿನಾನೇ. ಅಷ್ಟು ಸಾಫ್ ಗೆರಿ ನಿಮ್ಮ ಕೈಲೆ ಯಾವಾಗರ ಬಂದಿತ್ತೇನು?”

ಅಳುವಿನ ನಡುವೆ ನಾಗಣ್ಣನಿಗೆ ನಗು ಬಂತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

ಕೆಲಸ ಮುಗಿದ ಮೇಲೆ ಕೈಕಾಲು ತೊಳೆಯಲು ಎಲ್ಲರೂ ತೋಟದ ಬಾವಿಗೆ ಇಳಿದರು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿದ್ದ ದೌಲಪ್ಪ ನೀರಿನಲ್ಲಿ ಕೈಯಾಡಿಸುತ್ತ ಬಹಳ ಹೊತ್ತು ಕುಳಿತಿದ್ದ. ಆಮೇಲೆ ಕಲ್ಲಿಗೆ ಅಂಟಿದ್ದ ಹಸಿರನ್ನು ಮೆಲ್ಲಗೆ ಬಿಡಿಸಿಕೊಂಡು, ಅಂಗೈಯಲ್ಲಿ ಹಿಡಿದು ಮೇಲೆ ಬಂದ.

“ಮಾವ, ಇದೂ ಅಕ್ಕ ನೋಡ್ತಿದ್ದ ಬಳಗದ್ದೇ ಏನ್ರಿ?”

ನಾಗಣ್ಣ ಒಂದೆಳೆಯನ್ನು ಬೆರಳಿನಿಂದ ಬಿಡಿಸಿ ಬಿಸಿಲಿಗೆ ಹಿಡಿದ. “ಕವಲೊಡದಾದ ನೋಡು. ಬಳಗನೇ. ಸಮುದ್ರ ಬಿಟ್ಟು ಸೀನೀರಿಗಿ ಬಂದು ನೆಲಿ ನಿಂತಾದ.”

ಕಾಲು ತೊಳೆಯುತ್ತಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲೇರಿ ಬಂದು ದೌಲಪ್ಪನ ಅಂಗೈ ಮೇಲೆ ಬಗ್ಗಿದರು. ಬೆರಳ ಸಂದಿನಿಂದ ನೀರು ಸೋರುತ್ತಿತ್ತು. ಒಂದೆಳೆಯೂ ಕೆಳಗೆ ಬೀಳದಂತೆ ಅವನು ಇನ್ನೊಂದು ಕೈಯನ್ನು ಅಡಿಯಲ್ಲಿ ಒಡ್ಡಿ ಹಿಡಿದಿದ್ದ.