ಬಾಯಿಕುಕ್ಕೆ

"ಬಿಚ್ಚೋ ಅದನ್ನ, ಬೋಳಿಮಗನೆ. ಪ್ರಾಣಿ ಮೂತಿಗೆ ಬುಟ್ಟಿ ಕಟ್ಕೊಂಡು ಬಂದಿದೀಯಲ್ಲ, ಫೋಟೋ ಏನ್ ಚೆನ್ನಾಗ್ ಬರತ್ತೆ?"

ಉತ್ಸವ ನಡೆಸಲು ಪಟ್ಟಣದಿಂದ ಬಂದ ರಶೀದ್ ಸಾಹೇಬ ಹೀಗೆ ಬೈಯುವಾಗ ನನ್ನ ಗಂಡ ಅಸ್ಸೂ ನಮ್ಮ ಹೇಸರಗತ್ತೆಯ ಬೆನ್ನಿನಿಂದ ಸ್ಪೀಕರ್ ಪೆಟ್ಟಿಗೆ ಇಳಿಸುತ್ತಿದ್ದ. ಅದರ ಮೂತಿಗಿದ್ದ ಕುಕ್ಕೆ ನಾನು ಹೆಣೆದದ್ದು.

"ಬಿಚ್ಚಕ್ಕಾಗಕಿಲ್ಲ ಸಾಹೇಬ್ರೆ. ಅಗ್ದಾಲ್ ಇನ್ನೂ ತೆರ್ದಿಲ್ಲ."

"ಏನದು ಅಗ್ದಾಲು?"

"ಇದೇಯ. ನೀವ್ ತುಳೀತಾ ಇರೋದು."

ಸಾಹೇಬ ಕಾಲ ಕೆಳಗೆ ನೋಡಿದ. ಅವನಿಗೆ ಕಂಡದ್ದು ಬರೀ ಹುಲ್ಲು.

ವಸಂತ ಬಂತೆಂದರೆ ಕೆರೆಯ ಸುತ್ತಲಿನ ಈ ಹುಲ್ಲನ್ನು ನಾವು ಕಾಪು ಇಡುತ್ತೇವೆ. ಬೀಜ ಬಲಿತು ಉದುರುವ ತನಕ ಯಾವ ಪ್ರಾಣಿಯೂ ಬಾಯಿ ಹಾಕುವಂತಿಲ್ಲ. ಹೊರೆ ಹೊತ್ತು ಹಾದುಹೋಗುವ ಪ್ರಾಣಿಗೂ ಕುಕ್ಕೆ ಬೇಕು. ಕಾವಲು ಒಂದೊಂದು ವರ್ಷ ಒಂದೊಂದು ಮನೆಗೆ ಬರುತ್ತದೆ, ಈ ವರ್ಷ ನಮ್ಮ ಮನೆಗೆ ಬಂದಿತ್ತು. ಕಾಲ ಕೂಡಿದಾಗ ಕಾವಲಿನವನು ಎತ್ತರದಲ್ಲಿ ನಿಂತು ಕೂಗುತ್ತಾನೆ, ಎಲ್ಲ ಹಟ್ಟಿಗಳ ಮಂದೆ ಒಟ್ಟಿಗೆ ಇಳಿಯುತ್ತದೆ. ಒಮ್ಮೆ ಕೂಗಿದರೆ ಮುಗಿಯಿತು, ಕೂಗಿದವನೂ ಅದನ್ನು ವಾಪಸು ತೆಗೆದುಕೊಳ್ಳುವಂತಿಲ್ಲ.

ಈ ವರ್ಷ ಕೆಳಗೆ ಊರ ಸುತ್ತ ಮುಳ್ಳು ಬಿಟ್ಟರೆ ಏನೂ ಚಿಗುರಿರಲಿಲ್ಲ. ಮಂದೆಗಳು ಮೇಲಿನ ದಿಣ್ಣೆಯಲ್ಲಿ ಪಕ್ಕೆಲುಬು ಬಿಟ್ಟುಕೊಂಡು ಕಾಯುತ್ತಿದ್ದವು. ಈ ಹುಲ್ಲು ಸಿಗದಿದ್ದರೆ ಹಿಮ ಬೀಳುವ ಹೊತ್ತಿಗೆ ನಮ್ಮ ಕುರಿಗಳು ಇರುವುದಿಲ್ಲ. ಕುರಿ ಇಲ್ಲದೆ ನಾವೂ ಇರುವುದಿಲ್ಲ, ಅಷ್ಟೇ ಲೆಕ್ಕ.

"ಉತ್ಸವ ಕಲ್ಲಿನ ದಡದಾಗೆ ಅಷ್ಟೇ ಕಣ್ರಲಾ, ಹುಲ್ಗೆ ಕಾಲಿಕ್ಕಲ್ಲ" ಎಂದು ಊರಿಗೆ ಮಾತು ಕೊಟ್ಟವನು ಲಹ್ಸೆನ್. ಸರ್ಕಾರ ನೇಮಿಸಿದ ನಮ್ಮೂರಿನ ಯಜಮಾನ. ಮೊದಲ ದಿನವೇ ಕಾರುಗಳು ಹುಲ್ಲಿನ ನಡುವೆ ಬಂದು ನಿಂತವು. ಆಮೇಲೆ ಗುಡಾರ, ಆಮೇಲೆ ವೇದಿಕೆ. ಬಂದವರು ಹಗಲು ಕೆರೆಯಲ್ಲಿ ದೋಣಿ ಬಿಟ್ಟರು, ಹಗ್ಗ ಹಿಡಿದು ಬಂಡೆ ಹತ್ತಿದರು, ಕುದುರೆ ಏರಿದರು. ಸಂಜೆ ಹಾಡು, ಕುಣಿತ. ನಾವು ಹೆಂಗಸರು ಗುಡಾರದ ಹಿಂದೆ ಕೂತು ಅವರಿಗೆ ರೊಟ್ಟಿ ಸುಟ್ಟೆವು. ಅವರು ಕುಣಿದಲ್ಲಿ ಹುಲ್ಲು ನೆಲಕ್ಕೆ ಅಂಟಿಹೋಗಿತ್ತು.

ಎರಡನೆಯ ದಿನ ಬಯಲುಸೀಮೆಯವನೊಬ್ಬ ತನ್ನ ಸವಾರಿ ಕುದುರೆಗಳನ್ನು ಕುಕ್ಕೆ ಇಲ್ಲದೆ ಮೇಯಲು ಬಿಟ್ಟ. ಅಸ್ಸೂ ಹೋಗಿ ಒಂದು ಕುದುರೆಯ ಹಗ್ಗ ಹಿಡಿದ. ಕಾವಲಿನವನು ಮಾಡಬೇಕಾದದ್ದೇ ಅದು. ಕಳ್ಳ ಮೇವು ತಿಂದ ಪ್ರಾಣಿಯನ್ನು ತನ್ನ ಬಾಗಿಲಲ್ಲಿ ಕಟ್ಟುತ್ತಾನೆ, ಒಡೆಯ ಬಂದು ಊರಿಗೆಲ್ಲ ಊಟ ಹಾಕಿ ಬಿಡಿಸಿಕೊಳ್ಳಬೇಕು. ನಮ್ಮ ಅಜ್ಜನ ಕಾಲದಿಂದಲೂ ಹಾಗೇ.

ಲಹ್ಸೆನ್ ಓಡಿ ಬಂದ. ಬಂದವನೇ ಕೆನ್ನೆಗೆ ಬಾರಿಸಿದ. ಅಸ್ಸೂನ ತುಟಿ ಒಡೆಯಿತು.

"ಕುದುರೆ ಕದೀತೀಯೇನ್ಲಾ, ಸೂಳೆಮಗನೆ? ನೆಂಟ್ರು ಮುಂದೆ ನನ್ ಮಾನ ಕಳೀತೀಯಾ? ಹಿಡಿ ರಿಕಾಪು. ಅಮ್ಮಾವ್ರು ಹತ್ಲಿ."

ಕಪ್ಪು ಕನ್ನಡಕದ ಹೆಂಗಸೊಬ್ಬಳು ಕುದುರೆಯ ಪಕ್ಕ ನಿಂತಿದ್ದಳು. ಅಸ್ಸೂ ಬಗ್ಗಿ ಅವಳು ಕಾಲಿಡಲು ರಿಕಾಪು ಹಿಡಿದ. ಅವಳು ಹತ್ತಿದಳು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ನನ್ನ ಕೈ ಹಿಟ್ಟಿನಲ್ಲಿತ್ತು. ನಾದುವುದನ್ನು ನಾನು ನಿಲ್ಲಿಸಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಧ್ಯಾಹ್ನ ಅವನಿಗೆ ರೊಟ್ಟಿ ಕೊಂಡುಹೋದೆ. ಹೇಸರಗತ್ತೆಯ ಪಕ್ಕ ಕೂತಿದ್ದ.

"ನೋಯ್ತದಾ?"

"ಇಲ್ಲ."

"ಕಾಳ್ ನೋಡ್ದ್ಯಾ?"

ಅಂಗೈ ಬಿಚ್ಚಿದ. ಹಸಿರು ತೆನೆಯೊಂದನ್ನು ಉಗುರಿನಿಂದ ಹಿಚುಕಿದ. ಬೆಳ್ಳಗೆ ರಸ ಬಂತು. "ಇನ್ನೂ ಹಾಲ್ಗಾಳು."

"ನಾಳೆ ಗಂಟ ಇವ್ರು ತುಳದ್ರೆ ಹಾಲೂ ಇಲ್ಲ, ಕಾಳೂ ಇಲ್ಲ. ಕೂಗ್ಬುಡು."

"ಅಲ್ಲ ಕಣೆ ತೂದಾ, ಹಾಲ್ಗಾಳಾಗೆ ತೆರದ್ರೆ ಮುಂದ್ಲೊರ್ಸ ಏನ್ ಮೊಳೀತದೆ? ನಿನ್ ತಲೆಕೂದ್ಲಾ?"

"ಮುಂದ್ಲೊರ್ಸದ ತಂಕ ಕುರಿ ಬದುಕ್ಬೇಕಲ್ಲ."

ಅವನು ರೊಟ್ಟಿ ಮುರಿದ. ತಿನ್ನಲಿಲ್ಲ. "ನನ್ ಗಂಟ್ಲು ಕಟ್ಟೋಗದೆ" ಎಂದ.

ಅಷ್ಟರಲ್ಲಿ ರಶೀದ್ ಸಾಹೇಬ ಚಪ್ಪಾಳೆ ತಟ್ಟುತ್ತ ಹೆಂಗಸರನ್ನು ಕೂಗಿದ. "ಏಯ್, ಕೈ ತೊಳ್ಕೊಂಡು ಬನ್ನಿ. ನಿಮ್ಮ ಹಳ್ಳಿ ಹಾಡು ಒಂದೆರಡು ಹೇಳಿ. ನಗ್ತಾ ಹೇಳಿ, ಸತ್ತೋರ ಮನೆ ಥರ ಅಲ್ಲ."

"ಇವ್ನ ಬಾಯಿಗ್ ಹಾಕ್ಬೇಕಿತ್ತು ಕಣೆ ಕುಕ್ಕೇನ" ಎಂದಳು ನಮ್ಮ ಜೊತೆ ರೊಟ್ಟಿ ಸುಡುತ್ತಿದ್ದ ಫಾದ್ಮಾ ಅಜ್ಜಿ. ಯಾರೂ ನಗಲಿಲ್ಲ.

ವೇದಿಕೆ ಹತ್ತಿದೆವು. ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಮೈಕು ನನ್ನ ಮುಂದಿತ್ತು. ಎರಡೂ ಕಡೆ ನಮ್ಮ ಹೇಸರಗತ್ತೆ ಹೊತ್ತು ತಂದ ಪೆಟ್ಟಿಗೆಗಳಿದ್ದವು. ಎದುರಿಗೆ ಜನ, ಅವರ ಹಿಂದೆ ಹುಲ್ಲು, ಅದರ ಮೇಲೆ ದಿಣ್ಣೆ. ದಿಣ್ಣೆಯ ತುದಿಯಲ್ಲಿ ಮಂದೆ ಬೂದು ಬಣ್ಣದ ಗೆರೆಯಾಗಿ ಕಾಣುತ್ತಿತ್ತು. ಹೆಂಗಸು ಯಾವತ್ತೂ ಕೂಗಿದ್ದಿಲ್ಲ. ಆದರೆ ಕಾವಲು ಬಂದದ್ದು ಮನೆಗೆ, ಆ ಮನೆಯಲ್ಲಿ ನಾನೂ ಇದ್ದೇನೆ.

"ಬಿಸ್ಮಿಲ್ಲಾ" ಎಂದೆ. "ಅಗ್ದಾಲ್ ತೆರೀತು. ಕುರಿ ಇರೋರೆಲ್ಲ ಇಳೀರಿ. ಅಗ್ದಾಲ್ ತೆರೀತು."

ಬೆಟ್ಟ ಅದನ್ನೇ ತಿರುಗಿ ಕೂಗಿತು. ಜನ ಹಾಡು ಶುರುವಾಯಿತೆಂದು ಚಪ್ಪಾಳೆ ತಟ್ಟಿದರು. ಫಾದ್ಮಾ ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡಳು. ಆ ಜನರ ನಡುವೆ ಲಹ್ಸೆನ್‌ಗೆ ಮಾತ್ರ ಅರ್ಥವಾಗಿತ್ತು.

"ವಾಪಸ್ ತಗಳೇ, ಮುಂಡೆ" ಎನ್ನುತ್ತ ವೇದಿಕೆ ಹತ್ತಿದ. "ತಪ್ಪಾಯ್ತು ಅನ್ನು. ಇನ್ನೂ ತೆರ್ದಿಲ್ಲ ಅನ್ನು."

"ತಗಳಕ್ಕಾಗಕಿಲ್ಲ ಲಹ್ಸೆನಣ್ಣ. ನಿಮ್ಮಪ್ಪಾನೂ ಕಾವಲಿದ್ದೋನೇ, ನಿಂಗ್ ಗೊತ್ತಿಲ್ವಾ?"

ಅವನು ಕೈ ಎತ್ತಿದ. ಆಮೇಲೆ ದಿಣ್ಣೆಯ ಕಡೆ ನೋಡಿದ. ಕೈ ಹಾಗೇ ನಿಂತಿತು.

ಬೂದು ಗೆರೆ ಒಡೆದು ಕೆಳಗೆ ಇಳಿಯುತ್ತಿತ್ತು. ಮಂದೆಗಳು ಕಾರುಗಳ ನಡುವೆ ನುಗ್ಗಿದವು, ಗುಡಾರದ ಹಗ್ಗ ಕಿತ್ತವು, ವೇದಿಕೆಯ ಅಡಿಯಲ್ಲಿ ನುಸುಳಿದವು. ಜನ ಚೀರುತ್ತ ಕೆರೆಯ ಕಡೆ ಓಡಿದರು. ಕುರಿಗಳು ಯಾರನ್ನೂ ನೋಡಲಿಲ್ಲ, ತಲೆ ತಗ್ಗಿಸಿ ಹಾಲ್ಗಾಳನ್ನು ಬುಡಸಮೇತ ಮುಕ್ಕಿದವು. ಮುಂದಿನ ವರ್ಷದ ಹುಲ್ಲು ನನ್ನ ಕಣ್ಣೆದುರೇ ಹೋಗುತ್ತಿತ್ತು. ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಕೆಳಗಿಳಿದು ಹೇಸರಗತ್ತೆಯ ಹತ್ತಿರ ಹೋದೆ. ಅಸ್ಸೂ ಅಲ್ಲೇ ನಿಂತಿದ್ದ. ದೂರದ ದಾರಿಯಲ್ಲಿ ಪೊಲೀಸ್ ಜೀಪಿನ ಧೂಳು ಏಳುತ್ತಿತ್ತು.

ನಾನು ಕುಕ್ಕೆ ಬಿಚ್ಚಿದೆ. ಹೇಸರಗತ್ತೆ ಹುಲ್ಲಿಗೆ ಬಾಯಿ ಹಾಕಲಿಲ್ಲ, ಕುಕ್ಕೆ ಇದ್ದಾಗ ನಿಲ್ಲುವಂತೆಯೇ ನಿಂತಿತ್ತು. ಕತ್ತು ಹಿಡಿದು ತಲೆಯನ್ನು ನೆಲಕ್ಕೆ ಬಗ್ಗಿಸಿದೆ.

"ತಿನ್ನು" ಎಂದೆ.